ಸತ್ತವನ ಹೆಜ್ಜೆಯಲ್ಲಿ ಆಡುವ ಹುಡುಗ

ಇಪ್ಪತ್ತಮೂರನೇ ನಂಬರಿನ ಹುಡುಗನ ಕೋಲಿಗೆ ಬಿಲ್ಲೆ ಸಿಕ್ಕ ಕೂಡಲೇ ಐಸ್ ಹಾಕಿ ಕ್ರೀಡಾಂಗಣದ ಅರ್ಧ ಭಾಗ ಸುಮ್ಮನಾಯಿತು.

ವೆರ್ನಾ ಕೊಸ್ಟ್ಯುಕ್ ಬೆನ್ನು ನೆಟ್ಟಗೆ ಮಾಡಿ ಕೂತಳು.

ಎದುರು ಬದಿಯಲ್ಲಿ ಶಾಲೆಯ ಹುಡುಗ ಹುಡುಗಿಯರು ಬೆಂಚಿನ ಮೇಲೆ ಹತ್ತಿ ಕೂಗುತ್ತಲೇ ಇದ್ದರು. ಆದರೆ ಈ ಬದಿಯಲ್ಲಿ, ಟ್ಯಾಮರ್ಯಾಕ್ ಊರಿನ ಹಳಬರು ಕೂರುವ ಮರದ ಸಾಲುಗಳಲ್ಲಿ, ಬಾಯಿಗೆ ಹೋಗುತ್ತಿದ್ದ ಸೂರ್ಯಕಾಂತಿ ಬೀಜ ಬೆರಳ ತುದಿಯಲ್ಲೇ ನಿಂತಿತ್ತು. ಕಾಫಿ ಲೋಟ ತುಟಿಯವರೆಗೆ ಬಂದು ಹಾಗೇ ಉಳಿದಿತ್ತು. ಯಾರೂ ಕೆಮ್ಮಲಿಲ್ಲ.

ಆ ಮೌನದಲ್ಲಿ, ದೂರದ ಕೂಗಿನ ನಡುವೆಯೂ, ಸ್ಕೇಟಿನ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಕರ್. ಆಮೇಲೆ ಏನೂ ಇಲ್ಲ. ಮತ್ತೆ ಕರ್.

ಬಲಗಾಲು ಎಲ್ಲರಂತೆ ಮಂಜುಗಡ್ಡೆಯನ್ನು ತಳ್ಳುತ್ತಿತ್ತು. ಎಡಗಾಲು ಮಾತ್ರ ಕೊನೆಯಲ್ಲಿ ಹೊರಕ್ಕೆ ಒದ್ದು, ಕ್ಷಣಕಾಲ ಗಾಳಿಯಲ್ಲಿ ತೂಗಿ, ಮನಸ್ಸಿಲ್ಲದೆ ಇಳಿದಂತೆ ಇಳಿಯುತ್ತಿತ್ತು. ಆ ಒದೆತದಲ್ಲೇ ಅವನು ಇಬ್ಬರು ರಕ್ಷಕರ ನಡುವೆ ನುಸುಳಿದ. ಗೋಲು ಕಾಯುವವನು ಬಲಕ್ಕೆ ಬಿದ್ದ. ಬಿಲ್ಲೆ ಎಡಕ್ಕೆ ಹೋಯಿತು. ಬಲೆಯ ಹಿಂದೆ ಕೆಂಪು ದೀಪ ಹತ್ತಿತು.

ವೆರ್ನಾಳ ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಗೋಲು ಹೊಡೆದ್ರೆ ಸಂತಾಪ ಸಭೆ ಮಾಡೋ ಊರು ಇದೊಂದೇ ಇರ್ಬೇಕು," ಎಂದ ಪಕ್ಕದಲ್ಲಿದ್ದ ಬಟೀಸ್ಟ್. ಕ್ವಿಬೆಕ್ ಕಡೆಯವನು. ವೆರ್ನಾಳಂತೆಯೇ ಸ್ಕೌಟು, ದೊಡ್ಡ ತಂಡಕ್ಕೆ ಎಳೆಯ ಆಟಗಾರರನ್ನು ಹುಡುಕುವವನು, ಆದರೆ ಬೇರೆ ತಂಡಕ್ಕೆ. ಚಳಿಗಾಲವೆಲ್ಲ ಇಬ್ಬರೂ ಇಂಥ ಊರುಗಳಲ್ಲಿ ಒಂದೇ ಮೂಲೆಯಲ್ಲಿ ಕೂತು ಕೆಟ್ಟ ಕಾಫಿ ಕುಡಿಯುತ್ತಿದ್ದರು. "ಏನಮ್ಮಾ, ನಿನ್ನ ಮುಖಾನೂ ಹೆಣದ ಹಾಗಾಗಿದೆ?"

"ಅವನ ಎಡಗಾಲು ನೋಡಿದ್ಯಾ?"

"ನೋಡ್ದೆ. ಓಡೋ ರೀತಿ ಕೆಟ್ಟದ್ದು, ವೇಗ ಅದ್ಭುತ. ದೊಡ್ಡ ತಂಡಗಳು ಹುಡುಗರನ್ನ ಆರಿಸ್ಕೊಳ್ಳೋ ಜೂನ್ ಡ್ರಾಫ್ಟಲ್ಲಿ ಮೊದಲ ಸುತ್ತಲ್ಲೇ ಹೋಗ್ತಾನೆ. ನಿಮ್ಮೋರು ಹಾರಿಸ್ಕೊಂಡು ಹೋಗೋಕೆ ಮುಂಚೆ ನಾನೇ ನಮ್ಮೋರಿಗೆ ಫೋನ್ ಮಾಡ್ಬೇಕು."

ವೆರ್ನಾಳ ಕಣ್ಣು ಆ ಎಡಗಾಲಿನ ಮೇಲೇ ಇತ್ತು. ಮೂರು ದಿನದಿಂದ ಅವಳು ಈ ಊರಲ್ಲಿದ್ದಳು. ಕಾರ್ನೀ ಡೈಕ್ ಎಂಬ ಈ ಹದಿನೇಳರ ಹುಡುಗನ ಬಗ್ಗೆ ಯಾರನ್ನು ಕೇಳಿದರೂ ಅವರು ಹವಾಮಾನದ ಮಾತಿಗೆ ಹೊರಳುತ್ತಿದ್ದರು. ಯಾಕೆಂದು ಈಗ ಗೊತ್ತಾಯಿತು.

ಆ ಒದೆತವನ್ನು ಅವಳು ಹಿಂದೆ ಒಬ್ಬನಲ್ಲಿ ಮಾತ್ರ ಕಂಡಿದ್ದಳು. ಎಮಿಲ್ ಸಾವ್ಚಿನ್. ಇದೇ ಊರಿನ, ಇದೇ ತಂಡದ ಹುಡುಗ. ಡ್ರಾಫ್ಟಿಗೆ ಮುಂಚಿನ ಚಳಿಗಾಲದಲ್ಲಿ ಅವನು ಮೋಟಾರಿನ ಹಿಮಬಂಡಿ ಸಮೇತ ಸೆಲ್ಕಾ ಸರೋವರದ ಮಂಜು ಒಡೆದು ಮುಳುಗಿದ್ದ. ಹನ್ನೊಂದು ವರ್ಷವಾಗಿತ್ತು. ಆಗ ವೆರ್ನಾ ಪೊಲೀಸ್ ಇಲಾಖೆಯಲ್ಲಿದ್ದಳು. ಅವಳು ಮತ್ತು ಅವಳ ಜನ ವಾರಗಟ್ಟಲೆ ಮಂಜು ಕೊರೆದು ಹುಡುಕಿದ್ದರು. ಬಂಡಿ ಸಿಕ್ಕಿತು. ಹೆಣ ಸಿಗಲಿಲ್ಲ. ಸರೋವರ ಆಳ, ಒಳಗೆ ಸೆಳೆತ ಜಾಸ್ತಿ ಎಂದು ಮೇಲಿನವರು ಕಡತ ಮುಚ್ಚಿದರು.

ಕೆಳಗೆ, ಗಾಜಿನ ಗೋಡೆಗೆ ಮೂಗು ತಾಗುವಷ್ಟು ಹತ್ತಿರ, ಕಪ್ಪು ಉಣ್ಣೆಯ ಶಾಲು ಹೊದ್ದ ಹೆಂಗಸೊಬ್ಬಳು ಒಂಟಿಯಾಗಿ ಕೂತಿದ್ದಳು. ಎಮಿಲ್‌ನ ತಾಯಿ ಒಲೆನಾ. ಮಗ ಆಡುತ್ತಿದ್ದ ಕಾಲದಲ್ಲೂ ಅವಳ ಜಾಗ ಅದೇ ಆಗಿತ್ತು.

ಅವಳು ಬೆರಳಿನ ಉಂಗುರದಿಂದ ಗಾಜಿಗೆ ಎರಡು ಸಲ ತಟ್ಟಿದಳು.

ಕಾರ್ನೀ ತಿರುಗಿ ನೋಡದೆಯೇ ಕೋಲಿನಿಂದ ಮಂಜಿಗೆ ಎರಡು ಸಲ ತಟ್ಟಿದ.

ಎಮಿಲ್ ಹಾಗೆಯೇ ಮಾಡುತ್ತಿದ್ದ.

*

ಎರಡನೇ ಅವಧಿ ಮುಗಿದ ಗಂಟೆ ಹೊಡೆಯುತ್ತಲೇ ಅವಳು ಮೆಟ್ಟಿಲಿಳಿದಳು. ಪೆರೋಗಿ ಕಡುಬು ಬೇಯಿಸುವ ಅಂಗಡಿಯ ಈರುಳ್ಳಿ ವಾಸನೆ ದಾಟಿ, ಒದ್ದೆ ಬಟ್ಟೆ ಮತ್ತು ರಬ್ಬರಿನ ವಾಸನೆ ತುಂಬಿದ ಓಣಿಗೆ ಬಂದಳು. ಕೊನೆಯಲ್ಲಿ ಕೋಚ್ ಗುನ್ನಾರ್ ಬ್ಯಾರ್ನಸನ್‌ನ ಕೋಣೆ. ಬಾಗಿಲು ಬಡಿಯದೆ ಒಳಗೆ ಹೋದಳು.

ಗುನ್ನಾರ್ ಗೋಡೆಗೆ ಮುಖ ಮಾಡಿ ನಿಂತಿದ್ದ. ಅರವತ್ತರ ಆಳು, ಬಾಗಿಲಷ್ಟು ಅಗಲ. ಊರಿನ ಅರ್ಧ ಗಂಡಸರಿಗೆ ಸ್ಕೇಟಿಂಗ್ ಕಲಿಸಿದವನು. ಅವಳತ್ತ ತಿರುಗಿದಾಗ ಅವನ ಕಣ್ಣ ಕೆಳಗಿನ ಚರ್ಮ ನೀಲಿಗಟ್ಟಿದ್ದು ಕಂಡಿತು.

"ಆಟದ ಮಧ್ಯೆ ಸ್ಕೌಟುಗಳು ಒಳಗೆ ಬರೋ ಹಾಗಿಲ್ಲ, ವೆರ್ನಾ."

"ಸ್ಕೌಟಾಗಿ ಬಂದಿಲ್ಲ."

"ಪೊಲೀಸ್ ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತಲ್ಲ ನೀನು."

"ಕೆಲಸ ಬಿಟ್ಟೆ, ಗುನ್ನಾರ್. ಕಣ್ಣು ಬಿಟ್ಟಿಲ್ಲ." ಅವಳು ಬಾಗಿಲಿಗೆ ಒರಗಿ ನಿಂತಳು. "ಈ ಹುಡುಗನಿಗೆ ಸ್ಕೇಟ್ ಮಾಡೋದು ಕಲಿಸಿದ್ದು ಯಾರು?"

"ಉತ್ತರದ ಕಾಡಿನ ಆಚೆಯ ಹೊಲಮನೆಯೋನು. ಅಲ್ಲಿ ಎಲ್ರೂ ಕೊಳದ ಮೇಲೆ ತಾವೇ ಕಲೀತಾರೆ."

"ಆ ಎಡಗಾಲನ್ನೂ ತಾನೇ ಕಲಿತ್ನಾ?"

"ಒಬ್ಬೊಬ್ರದ್ದು ಒಂದೊಂದು ಥರ."

"ಎಮಿಲ್‌ಗೆ ಚಿಕ್ಕೋನಿದ್ದಾಗ ಕಣಕಾಲು ಮುರಿದು ಓರೆಯಾಗಿ ಕೂಡ್ಕೊಂಡಿತ್ತು. ಅದಕ್ಕೇ ಹಾಗೆ ಒದೀತಿದ್ದ. ಕಾರ್ನೀ ಕಾಲಿನ ಎಕ್ಸ್‌ರೇ ತಂಡಗಳಿಗೆ ಕಳಿಸಿದ್ರಲ್ಲ, ನಾನು ನೋಡಿದೀನಿ. ಮೂಳೆ ನೆಟ್ಟಗಿದೆ, ಒಂದು ಗೀರೂ ಇಲ್ಲ." ಅವಳು ದನಿ ಏರಿಸಲಿಲ್ಲ. "ಕಾಲು ಸರಿ ಇರೋನು ಕುಂಟ್ತಾನೆ ಅಂದ್ರೆ, ಕುಂಟೋನನ್ನ ನೋಡಿ ಕಲಿತಿರ್ತಾನೆ. ಎಮಿಲ್ ಮುಳುಗಿದಾಗ ಈ ಮಗು ಈ ಊರನ್ನೇ ನೋಡಿರ್ಲಿಲ್ಲ. ಹಾಗಾದ್ರೆ ಯಾರನ್ನ ನೋಡಿ ಕಲಿತ, ಎಲ್ಲಿ ಕಲಿತ?"

ಗುನ್ನಾರ್ ಕುರ್ಚಿ ಎಳೆದು ಕೂತ. ಕುರ್ಚಿ ನರಳಿತು.

"ನಿನಗೆ ಬೇಕಾಗಿರೋದು ಆಟಗಾರ. ಎತ್ಕೊಂಡು ಹೋಗು. ಒಳ್ಳೇ ಹುಡುಗ, ಒಳ್ಳೇ ಕಾಸು ಮಾಡ್ತಾನೆ, ಒಳ್ಳೇ ಹೆಸರು ಮಾಡ್ತಾನೆ. ಸತ್ತೋನ ಹೆಸರು ಅವನ ಕುತ್ತಿಗೆಗೆ ಕಟ್ಬೇಡ. ಇದು ಹೊರಗೆ ಬಂದ್ರೆ ಯಾವ ತಂಡದೋರೂ ಅವನ ಹತ್ರ ಬರಲ್ಲ."

"ಎಮಿಲ್ ಮುಳುಗಿದ್ದನ್ನ ನೋಡಿದ್ದು ನೀನೊಬ್ಬನೇ. ನಿನ್ನ ಹೇಳಿಕೆ ಮೇಲೇ ಕಡತ ಮುಚ್ಚಿದ್ದು. ಅದು ಸುಳ್ಳಾಗಿದ್ರೆ ಈಗಲೇ ಹೇಳು."

"ಸುಳ್ಳಲ್ಲ!"

ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಪಕ್ಕದ ಕೋಣೆಯಲ್ಲಿ ಹುಡುಗರ ನಗು ನಿಂತುಹೋಯಿತು. ಆಮೇಲೆ ಅವನ ದನಿ ಕುಸಿಯಿತು.

"ಕಾರ್ನೀ ಮೊದಲ್ನೇ ದಿನ ಈ ಕೋಣೆಗೆ ಬಂದ. ಶರತ್ಕಾಲ ಶುರುವಾಗಿತ್ತಷ್ಟೆ. ನೀ ನಿಂತಿದ್ದೀಯಲ್ಲ, ಅಲ್ಲೇ ನಿಂತ. ಹೆಸರು ಹೇಳಿದ. ತಂಡದಲ್ಲಿ ಜಾಗ ಕೇಳಿದ. ಆಮೇಲೆ ನಗ್ತಾ ಹೇಳಿದ, 'ಕೋಚ್, ನಿಮ್ಮ ಕೈಗವಸು ಇನ್ನೂ ಜೋಪಾನವಾಗಿದೆಯಂತೆ.'"

"ಯಾವ ಕೈಗವಸು?"

ಗುನ್ನಾರ್ ತನ್ನ ಬಲಗೈಯನ್ನು ಬೇರೆಯವರದ್ದೆಂಬಂತೆ ನೋಡಿಕೊಂಡ.

"ನಾನು ಮಂಜಿನ ಮೇಲೆ ಹೊಟ್ಟೆ ಮೇಲೆ ತೆವಳ್ಕೊಂಡು ಹೋದೆ. ಕೈ ಚಾಚಿದೆ. ಅವನು ಹಿಡ್ಕೊಂಡ. ನನ್ನ ಕೆಳಗೂ ಮಂಜು ಬಿರೀತಿತ್ತು, ವೆರ್ನಾ. ಸದ್ದು ಬರ್ತಿತ್ತು. ನಾನು..." ಅವನು ಕೈಯನ್ನು ಜಾಕೀಟಿನೊಳಗೆ ಸೇರಿಸಿದ. "ನಾನು ಕೈ ಎಳ್ಕೊಂಡೆ. ಗವಸು ಅವನ ಕೈಲಿ ಉಳೀತು. ಅವನು ಹೋದ."

ವೆರ್ನಾ ಆ ಜಾಕೀಟಿನೊಳಗೆ ಸೇರಿದ ಕೈಯನ್ನೇ ನೋಡಿದಳು.

"ಇದನ್ನ ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೆ, ಪಾದ್ರಿಗೆ, ಯಾರಿಗೂ. ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ನಾನು. ಇನ್ನೊಬ್ಬ ನೀರೊಳಗಿದ್ದಾನೆ." ಅವನ ಕಣ್ಣಲ್ಲಿ ನೀರು ತುಂಬಿತು. "ಆ ಹುಡುಗ ನನ್ನ ಕಣ್ಮುಂದೆ ಪ್ರತಿ ದಿನ ಅವನ ಹಾಗೇ ಓಡ್ತಾನೆ. ನಾನು ಅವನನ್ನ ಬೆಂಚಲ್ಲಿ ಕೂರಿಸೋಕೂ ಹೆದರ್ತೀನಿ."

"ಕೈ ಹಿಡಿದಾಗ ಮುಖ ಕಂಡಿತ್ತಾ?"

"ಏನು?"

"ಸಂಜೆ ಹೊತ್ತು. ಹೆಲ್ಮೆಟ್ ಹಾಕಿರ್ತಾನೆ. ಮುಖ ಕಂಡಿತ್ತಾ ಅಂತ ಕೇಳ್ದೆ."

"ಕಂಡಿತು." ಅವನು ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ. "ಈಗ ನಿನ್ನ ಮುಖ ಕಂಡ ಹಾಗೆ ಕಂಡಿತು. ಎಮಿಲ್‌ನೇ. 'ಕೋಚ್' ಅಂತ ಕರೆದ."

ಆಟಗಾರರನ್ನು ಕರೆಯುವ ಗಂಟೆ ಹೊಡೆಯಿತು. ಗುನ್ನಾರ್ ಎದ್ದು, ಮುಖ ಒರೆಸಿಕೊಂಡು, ಅವಳನ್ನು ಬದಿಗೆ ಸರಿಸಿ ಹೊರಟ. ಬಾಗಿಲಲ್ಲಿ ಒಮ್ಮೆ ನಿಂತ.

"ನಿನಗೆ ಏನನ್ಸುತ್ತೆ? ಅವನು ಬದುಕಿರ್ಬಹುದಾ?"

"ಗವಸಿನ ಮಾತು ನೀರಿಂದ ಎದ್ದು ಬರಲ್ಲ, ಗುನ್ನಾರ್. ಯಾರೋ ಬದುಕಿದ್ದಾರೆ."

ಅವನ ಮುಖದಲ್ಲಿ ಅವಳು ಸಮಾಧಾನವನ್ನು ನಿರೀಕ್ಷಿಸಿದ್ದಳು. ಹನ್ನೊಂದು ವರ್ಷದ ಕೊಲೆಪಾಪ ಇಳಿದುಹೋಗುವ ಸುದ್ದಿ ಅದು. ಆದರೆ ಅವಳಿಗೆ ಕಂಡದ್ದು ಲೆಕ್ಕಾಚಾರ ಹಾಕುವವನ ಮುಖ. ಒಂದೇ ಗಳಿಗೆ. ಆಮೇಲೆ ಅವನು ಓಣಿಯಲ್ಲಿ ನಡೆದು ಹೋದ.

*

ಮೂರನೇ ಅವಧಿಯಲ್ಲಿ ವೆರ್ನಾ ಆಟ ನೋಡಲಿಲ್ಲ. ಸ್ಕೌಟುಗಳ ಕಣ್ಣು ಬಿಲ್ಲೆಯ ಹಿಂದೆ ಹೋಗುವುದಿಲ್ಲ. ಬಿಲ್ಲೆ ಇಲ್ಲದಾಗ ಹುಡುಗ ಏನು ಮಾಡುತ್ತಾನೆ, ಪೆಟ್ಟು ಬಿದ್ದ ಮೇಲೆ ಹೇಗೆ ಏಳುತ್ತಾನೆ, ಬೆಂಚಿನಲ್ಲಿ ಯಾರ ಪಕ್ಕ ಕೂರುತ್ತಾನೆ, ಅದನ್ನು ನೋಡುತ್ತಾರೆ. ಅವಳು ಕಾರ್ನೀಯನ್ನು ಹಾಗೆ ನೋಡುತ್ತಿದ್ದಳು.

ಬಿಲ್ಲೆ ದೂರದ ಮೂಲೆಯಲ್ಲಿದ್ದಾಗ ಅವನು ಗಾಜಿನ ಬಳಿ ನಿಧಾನಿಸಿದ. ಒಲೆನಾಳ ಕಡೆ ಬಾಗಿದ. ತುಟಿ ಅಲುಗಿತು. ಕೋಲಿನ ತುದಿ ಹೊರಬಾಗಿಲಿನತ್ತ ತೋರಿಸಿತು.

ಒಲೆನಾ ಎದ್ದಳು. ಅವಳು ಆಟದ ಮಧ್ಯೆ ಎದ್ದು ಹೋದದ್ದನ್ನು ಆ ಊರಿನವರು ಯಾವತ್ತೂ ಕಂಡಿರಲಿಲ್ಲವೇನೋ. ಸಾಲಿನಲ್ಲಿದ್ದ ಹಳಬರು ಕಾಲು ಮಡಚಿ, ತಲೆ ತಗ್ಗಿಸಿ ದಾರಿ ಬಿಟ್ಟರು.

"ಕಾಫಿ ತರ್ಲಾ?" ಎಂದ ಬಟೀಸ್ಟ್.

"ಕೋಚ್ ಎಲ್ಲಿ?"

"ಬೆಂಚ್ ಹಿಂದೆ... ಅರೆ." ಬಟೀಸ್ಟ್ ಕನ್ನಡಕ ಸರಿಮಾಡಿಕೊಂಡ. "ಸಹಾಯಕ ನಿಂತಿದ್ದಾನೆ. ಗೆಲ್ಲೋ ಆಟ ಬಿಟ್ಟು ಎಲ್ಲಿಗೆ ಹೋದ ಮಹಾರಾಯ?"

ವೆರ್ನಾ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಕೊನೆಯ ಗಂಟೆ ಹೊಡೆದಾಗ ಅವಳು ಆಟಗಾರರ ಓಣಿಯ ಬಾಯಲ್ಲಿದ್ದಳು. ಹುಡುಗರು ಒಬ್ಬರ ಹೆಲ್ಮೆಟ್ ಮೇಲೊಬ್ಬರು ಗುದ್ದುತ್ತ ಒಳಗೆ ಬಂದರು. ಕಾರ್ನೀ ಕೊನೆಯಲ್ಲಿ ಬಂದ. ಹತ್ತಿರದಿಂದ ನೋಡಿದರೆ ಬರೀ ಮಗು. ಗಲ್ಲದಲ್ಲಿ ಮೊಡವೆ, ಮುಂದಿನ ಹಲ್ಲೊಂದು ಇಲ್ಲ, ಒದ್ದೆ ಕೂದಲಿನಿಂದ ಹಬೆ ಏಳುತ್ತಿತ್ತು.

"ವೆರ್ನಾ ಕೊಸ್ಟ್ಯುಕ್," ಎಂದಳು. "ಎರಡು ಮಾತು ಕೇಳ್ಬೇಕು."

"ಗೊತ್ತು ಮೇಡಂ." ಅವನು ಗವಸು ತೆಗೆದು ಕೈ ಕುಲುಕಿದ. "ಅಬ್ರಾಮ್ ಮಾಮ ಹೇಳಿದಾರೆ. ಎಲ್ರೂ ಬಿಟ್ಟು ಹೋದ ಮೇಲೂ ಮಂಜು ಕೊರೀತಿದ್ದದ್ದು ಆ ಪೊಲೀಸಮ್ಮ ಒಬ್ರೇ ಅಂತ."

ವೆರ್ನಾ ಅವನ ಕೈ ಬಿಡಲಿಲ್ಲ. "ಅಬ್ರಾಮ್ ಮಾಮ ಯಾರು?"

"ನಮ್ಮನೇಲಿರ್ತಾರೆ. ನಾನು ಚಿಕ್ಕೋನಿದ್ದಾಗ ಒಂದು ಚಳಿಗಾಲದಲ್ಲಿ ಅಪ್ಪನಿಗೆ ಸಿಕ್ಕಿದ್ರು, ಸರೋವರದ ಆಚೆ ದಡದಲ್ಲಿ, ನೀರಿಂದ ತೆವಳಿ ಬಂದು ಬಿದ್ದಿದ್ರಂತೆ. ಎರಡೂ ಪಾದ ಚಳಿಗೆ ಸತ್ತು ಕಪ್ಪಾಗಿತ್ತಂತೆ. ತೆಗೀಬೇಕಾಯ್ತು. ಹೆಸರು ಕೇಳಿದ್ರೆ ಹೇಳ್ಲಿಲ್ಲ. ಅಮ್ಮನೇ ಅಬ್ರಾಮ್ ಅಂತ ಕರೆದ್ರು."

"ನಿನಗೆ ಆಟ ಕಲಿಸಿದ್ದು ಅವರೇನಾ?"

"ಹೂಂ. ಕೊಳದ ಪಕ್ಕ ಬಕೆಟ್ ಬೋರಲು ಹಾಕ್ಕೊಂಡು ಕೂತು ಕಲಿಸೋರು. ಹಳೇ ಪಂದ್ಯದ ವಿಡಿಯೋ ಇತ್ತು. ಒಬ್ಬನೇ ಆಟಗಾರ. ಅವನ ಹಾಗೇ ಒದಿ, ಅವನ ಹಾಗೇ ತಿರುಗು ಅಂತ. ತಪ್ಪಿದ್ರೆ ಊಟ ತಡ ಆಗೋದು." ಅವನು ನಕ್ಕ. ಹಲ್ಲಿಲ್ಲದ ಸಂದಿನಲ್ಲಿ ನಾಲಗೆ ಕಂಡಿತು. "ಗಾಜು ತಟ್ಟಿದ್ರೆ ಎರಡು ಸಲ ತಟ್ಟು ಅಂದದ್ದೂ ಅವರೇ. ಕೋಚ್‌ಗೆ ಗವಸಿನ ಮಾತು ಹೇಳು, ಮುಖ ಹೇಗಾಯ್ತು ಅಂತ ಬಂದು ಹೇಳು ಅಂದದ್ದೂ ಅವರೇ."

"ಈಗ ಎಲ್ಲಿದ್ದಾರೆ?"

"ಹೊರಗೆ. ಟ್ರಕ್ಕಲ್ಲಿ." ಅವನ ನಗು ಮಾಸಿತು. "ಈ ಊರಿಗೆ ಇವತ್ತೇ ಮೊದಲ ಸಲ ಬಂದಿದ್ದು. ಎಮಿಲ್ ಅವರ ಅಮ್ಮನ್ನ ನೋಡ್ಬೇಕು, ಕಳಿಸಿಕೊಡು ಅಂದ್ರು. ಕಳಿಸ್ದೆ. ಯಾಕೆ ಮೇಡಂ, ಏನಾಯ್ತು?"

ವೆರ್ನಾ ಅವನ ತೋಳು ಹಿಡಿದು ಬಾಗಿಲ ಕಡೆ ಎಳೆದಳು. "ಸ್ಕೇಟು ಬಿಚ್ಚು. ಬೂಟು ಹಾಕ್ಕೋ. ಬೇಗ."

*

ಹೊರಗೆ ಚಳಿ ಮುಖಕ್ಕೆ ಬಡಿಯಿತು. ಸೂರ್ಯ ಸರೋವರದ ಅಂಚಿಗೆ ಇಳಿದಿದ್ದ. ಅವನ ಎರಡೂ ಬದಿಗೆ, ತೀರಾ ಚಳಿಯ ದಿನ ಮೂಡುವ ಎರಡು ಸುಳ್ಳು ಸೂರ್ಯಗಳು ಮಂಕಾಗಿ ಉರಿಯುತ್ತಿದ್ದವು. ಸಾಲುಗಟ್ಟಿ ನಿಂತ ಟ್ರಕ್ಕುಗಳ ಮೂತಿಯಿಂದ ಎಂಜಿನ್ ಬೆಚ್ಚಗಿಡುವ ವಿದ್ಯುತ್ ತಂತಿಗಳು ನೇತಾಡುತ್ತಿದ್ದವು. ಜನ ಇನ್ನೂ ಹೊರಗೆ ಬಂದಿರಲಿಲ್ಲ. ನೆಲಕ್ಕೆ ಒತ್ತಿ ಹರಿಯುವ ಹಿಮಗಾಳಿ ಕಾಲ ಸುತ್ತ ಹಾವಿನಂತೆ ಸುಳಿಯುತ್ತಿತ್ತು.

"ಅದೇ ನಮ್ಮದು," ಎಂದ ಕಾರ್ನೀ.

ಅಂಗಳದ ಕೊನೆಯಲ್ಲಿ, ಸರೋವರಕ್ಕೆ ಮುಖ ಮಾಡಿದ ಹಸಿರು ಟ್ರಕ್ಕು. ಎಂಜಿನ್ ಓಡುತ್ತಿತ್ತು. ಚಾಲಕನ ಕಡೆಯ ಬಾಗಿಲು ಹಾರು ಹೊಡೆದಿತ್ತು.

ಚಾಲಕನ ಜಾಗದಲ್ಲಿ ಯಾರೂ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಒಲೆನಾ ಸಾವ್ಚಿನ್ ಮಡಿಲಲ್ಲಿ ಕೈ ಇಟ್ಟುಕೊಂಡು, ಮುಂದಿನ ಗಾಜನ್ನು ದಿಟ್ಟಿಸುತ್ತ ಕೂತಿದ್ದಳು. ತೆರೆದ ಬಾಗಿಲಿನಿಂದ ಹಿಮ ಒಳಗೆ ಹಾರಿ ಅವಳ ಶಾಲಿನ ಮೇಲೆ ಕೂರುತ್ತಿತ್ತು. ಅವಳು ಕೊಡವಿಕೊಂಡಿರಲಿಲ್ಲ.

ವೆರ್ನಾ ನೆಲ ನೋಡಿದಳು.

ಬಾಗಿಲಿನಿಂದ ಹೊರಟ ಗುರುತುಗಳು ಸರೋವರದತ್ತ ಹೋಗಿದ್ದವು. ಚಪ್ಪಟೆಯಾಗಿ ಎಳೆದುಕೊಂಡು ಹೋದ ಎರಡು ಕೃತಕ ಪಾದ, ಎರಡೂ ಬದಿಗೆ ಊರುಗೋಲಿನ ತೂತು. ಅವುಗಳ ಮೇಲೆಯೇ ತುಳಿದುಕೊಂಡು ಹೋದ ಇನ್ನೊಂದು ಜೊತೆ ಗುರುತು. ದೊಡ್ಡ ಬೂಟು, ಉದ್ದುದ್ದ ಹೆಜ್ಜೆ, ಆತುರದ ಹೆಜ್ಜೆ. ಮಂಜಿನ ಮೇಲೆ ಮೀನು ಹಿಡಿಯುವವರ ಗುಡಿಸಲುಗಳನ್ನು ದಾಟಿದ ಮೇಲೆ ಎರಡೂ ಹಾರುವ ಹಿಮದಲ್ಲಿ ಕರಗಿಹೋಗಿದ್ದವು.

"ಅಬ್ರಾಮ್ ಮಾಮಾ!"

ಕಾರ್ನೀ ಓಡತೊಡಗಿದ. ಮಂಜಿನ ಮೇಲಲ್ಲದೆ ನೆಲದ ಮೇಲೆ ಅವನ ಓಟ ಎಲ್ಲ ಹುಡುಗರ ಓಟದಂತೆಯೇ ಇತ್ತು.

ವೆರ್ನಾ ಫೋನಿನಲ್ಲಿ ಪೊಲೀಸರಿಗೆ ಜಾಗ ಹೇಳಿ ಬರಲು ಕೂಗಿದಳು. ಆಮೇಲೆ ಟ್ರಕ್ಕಿನೊಳಗೆ ಬಾಗಿ ಒಲೆನಾಳ ಕೈ ಹಿಡಿದಳು. ಆ ಕೈ ಕಲ್ಲಿನಂತೆ ತಣ್ಣಗಿತ್ತು.

"ಒಲೆನಾ. ನನ್ನ ನೋಡು. ಎಮಿಲ್‌ನ ಹಿಂದೆ ಗುನ್ನಾರ್ ಹೋದ್ನಾ? ಎಷ್ಟು ಹೊತ್ತಾಯ್ತು?"

ಒಲೆನಾ ನಿಧಾನವಾಗಿ ತಲೆ ತಿರುಗಿಸಿದಳು. ಅವಳ ರೆಪ್ಪೆಯ ಮೇಲೆ ಕಣ್ಣೀರು ಹೆಪ್ಪುಗಟ್ಟಿತ್ತು.

"ಅವನು ಎಮಿಲ್ ಅಲ್ಲ."

"ಏನು?"

"ನನ್ನ ಮಗ ಅಲ್ಲಮ್ಮ ಅವನು. ಹೆತ್ತೋಳಿಗೆ ಗೊತ್ತಾಗಲ್ವಾ? ಮುಖ ಬೇರೆ, ಕಣ್ಣು ಬೇರೆ, ದನಿ ಬೇರೆ. ನನ್ನ ಕೈ ಹಿಡ್ಕೊಂಡು ಅತ್ತ. ಆವತ್ತು ನೀರಿಗೆ ಬಿದ್ದದ್ದು ನಾನು ಅಂದ. ಎಮಿಲ್ ಅವನಿಗೆ ತನ್ನ ಕೋಟು, ಹೆಲ್ಮೆಟ್ ಕೊಟ್ಟು, ಈ ಬಂಡಿ ಆಚೆ ದಡಕ್ಕೆ ತಲುಪಿಸು ಅಂತ ಕೇಳ್ಕೊಂಡಿದ್ನಂತೆ. ಕೋಚ್ ಕೈ ಹಿಡಿದು, ಹೆಲ್ಮೆಟ್ ಸರಿಸಿ, ಮುಖ ನೋಡಿ, ಆಮೇಲೆ ಬಿಟ್ರಂತೆ. ಈಗ ಕೋಚ್ ಬರೋದು ಕಂಡ ಕೂಡ್ಲೇ ಇಳಿದು ಸರೋವರದ ಕಡೆ ಹೋದ, ಅವರೂ ಹಿಂದೇನೇ ಹೋದ್ರು."

*ಈಗ ನಿನ್ನ ಮುಖ ಕಂಡ ಹಾಗೆ ಕಂಡಿತು. ಎಮಿಲ್‌ನೇ.* ಅರ್ಧ ಸತ್ಯಕ್ಕೆ ಕಣ್ಣೀರು ಸವರಿ ಗುನ್ನಾರ್ ವೆರ್ನಾಳ ಕೈಗೆ ಕೊಟ್ಟಿದ್ದ. ಅವಳು ಅದನ್ನು ತೆಗೆದುಕೊಂಡು, ಯಾರೋ ಬದುಕಿದ್ದಾರೆ ಎಂದು ತಾನೇ ಅವನಿಗೆ ಸುಳಿವು ಕೊಟ್ಟು ಕಳಿಸಿದ್ದಳು.

ಸರೋವರದ ಕಡೆಯಿಂದ ಒಂದು ಸದ್ದು ಬಂತು. ಉದ್ದವಾದ, ಆಳವಾದ ನರಳಿಕೆ. ಚಳಿಗೆ ಮಂಜು ಬಿಗಿಯುವಾಗ ಹಾಗೆ ಸದ್ದಾಗುತ್ತದೆ. ಮಂಜು ಒಡೆಯುವಾಗಲೂ ಹಾಗೆಯೇ ಆಗುತ್ತದೆ.

"ಇಷ್ಟು ವರ್ಷ ಯಾಕೆ ಬರ್ಲಿಲ್ಲ ಅಂತ ಕೇಳಿದ್ಯಾ?"

"ಎಮಿಲ್ ಮುಳುಗಿದ ಅಂತ ಸುದ್ದಿ ಬಂದಾಗ, ಅವನು ಬೇಕಂತಲೇ ಸತ್ತ ಹಾಗೆ ಮಾಡಿ ಬೇರೆ ಹೆಸರಲ್ಲಿ ಎಲ್ಲೋ ಸುಖವಾಗಿದ್ದಾನೆ, ನನಗೂ ಅದು ಗೊತ್ತಿರುತ್ತೆ ಅಂದ್ಕೊಂಡಿದ್ನಂತೆ. ನಾನು ಮಗನ್ನ ಕಂಡೇ ಇಲ್ಲ ಅಂದ ಕೂಡ್ಲೇ ಅವನ ಮುಖ ಬೂದಿ ಆಗೋಯ್ತು." ಒಲೆನಾ ವೆರ್ನಾಳ ಕೈಯನ್ನು ನೋಯುವಂತೆ ಹಿಡಿದಳು. "ಆಮೇಲೆ ನನ್ನನ್ನೇ ಕೇಳ್ದ, ವೆರ್ನಾ. 'ಅಮ್ಮಾ, ನಾನು ಬಂಡಿ ಹತ್ತಿದಾಗ ಎಮಿಲ್ ಕೋಚ್ ಕಾರಲ್ಲಿ ಕೂತಿದ್ದ. ಮನೆಗೆ ಬಿಡ್ತೀನಿ ಅಂತ ಅವರೇ ಅಂದಿದ್ರು. ಬರಲೇ ಇಲ್ವಾ?'"